ಪರೀಕ್ಷೆಗೆ ವ್ಯಯಿಸಿದ ಹಣ ವ್ಯರ್ಥವಲ್ಲ

2006ರ ಸೆಪ್ಟೆಂಬರ್ 3ರಂದು ಯುರೋಪಿನ ಸ್ಮಾರ್ಟ್-1 ನೌಕೆಯು ಚಂದ್ರನ ನೆಲಕ್ಕೆ ಅಪ್ಪಳಿಸಿ ನುಚ್ಚುನೂರಾಯಿತು. ಸುಮಾರು 11 ಕೋಟಿ ಯುರೋ ವೆಚ್ಚದ ಯೋಜನೆಯ ಕೊನೆ ಹೀಗಾಯಿತೆಂದು ಕೇಳಿದವರು ಅದನ್ನು ಸೋಲೆಂದೇ ಭಾವಿಸಿಯಾರು. ವಾಸ್ತವ ಹಾಗಿಲ್ಲ. ಕೆಲಸ ಮುಗಿಸಿದ ನೌಕೆ ಹೇಗೂ ಚಂದ್ರನ ಮೇಲೆ ಬೀಳಲೇಬೇಕಿತ್ತು. ಭೂಮಿಯ ದೂರದರ್ಶಕಗಳಿಗೆ ಕಾಣುವ ಬದಿಯಲ್ಲಿ ಅದು ಬೀಳುವಂತೆ ವಿಜ್ಞಾನಿಗಳೇ ಅದರ ಪಥವನ್ನು ತಿದ್ದಿದ್ದರು.

ಚಂದ್ರನನ್ನು ತಲುಪುವುದಕ್ಕಿಂತಲೂ, ತಲುಪುವ ಹೊಸ ವಿಧಾನವೊಂದನ್ನು ಪರೀಕ್ಷಿಸುವುದೇ ಅದರ ಮುಖ್ಯ ಉದ್ದೇಶವಾಗಿತ್ತು. ಬಿಸಿಲಿನಿಂದ ಪಡೆದ ವಿದ್ಯುತ್ತಿನ ಬಲದಿಂದ ಝೆನಾನ್ ಅನಿಲದ ಕಣಗಳನ್ನು ಅತಿ ವೇಗವಾಗಿ ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗುವ ಎಂಜಿನ್ ಅದರಲ್ಲಿತ್ತು. ಅದರ ನೂಕುಬಲವಾದರೋ, ಅಂಗೈ ಮೇಲಿಟ್ಟ ಏಳು ಗ್ರಾಂ ತೂಕದಷ್ಟು ಮಾತ್ರ! 2003ರ ಸೆಪ್ಟೆಂಬರ್ 27ರಂದು ಫ್ರೆಂಚ್ ಗಯಾನಾದ ಕೌರೂನಿಂದ ಹೊರಟ ನೌಕೆ, ಭೂಮಿಯ ಸುತ್ತ ತನ್ನ ಕಕ್ಷೆಯನ್ನು ಹಂತಹಂತವಾಗಿ ಹಿಗ್ಗಿಸುತ್ತಾ 2004ರ ನವೆಂಬರ್ 15ರಂದು ಚಂದ್ರನ ಕಕ್ಷೆಯನ್ನು ಸೇರಿತು. ಅಪೊಲೊ ಯಾತ್ರಿಗಳು ಸುಮಾರು ಮೂರು ದಿನಗಳಲ್ಲಿ ಕ್ರಮಿಸಿದ ದಾರಿಗೆ ಇದು ಹದಿಮೂರು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿತು. ಆದರೆ ಹೊತ್ತೊಯ್ದ ಝೆನಾನ್ ಕೇವಲ 82 ಕಿಲೋ.

ಈ ಪರೀಕ್ಷೆಯ ಫಲ ಚಂದ್ರನಲ್ಲಿ ಮಣ್ಣುಗೂಡಲಿಲ್ಲ. 2018ರಲ್ಲಿ ಬುಧ ಗ್ರಹದತ್ತ ಹೊರಟ ಬೆಪಿಕೊಲಂಬೊ ನೌಕೆಯೂ ಸೌರ ವಿದ್ಯುತ್ತಿನ ಎಂಜಿನನ್ನೇ ನಂಬಿತು. ಸ್ಮಾರ್ಟ್-1ರ ಎಕ್ಸ್-ರೇ ಮತ್ತು ಅವಕೆಂಪು ಉಪಕರಣಗಳ ಸುಧಾರಿತ ರೂಪಗಳು 2008ರಲ್ಲಿ ನಮ್ಮ ಚಂದ್ರಯಾನ-1ರಲ್ಲಿಯೇ ಚಂದ್ರನತ್ತ ತೆರಳಿದವು.

ಆದರೆ ನಮ್ಮಲ್ಲಿ ಇಂತಹ ಪರೀಕ್ಷೆಗಳಿಗೆ ಸಿಗುವ ಗಮನವೆಷ್ಟು? 2017ರ ಮೇ 5ರಂದು ಹಾರಿದ ಜಿಸ್ಯಾಟ್-9 ಉಪಗ್ರಹದಲ್ಲಿ ಇಸ್ರೊ ಇದೇ ಬಗೆಯ ವಿದ್ಯುತ್ ಎಂಜಿನನ್ನು ಪರೀಕ್ಷಿಸಿತು. ಅಂದು ಸುದ್ದಿಯಾದದ್ದು ಮಾತ್ರ ನೆರೆರಾಷ್ಟ್ರಗಳಿಗೆ ನೀಡಿದ ಉಡುಗೊರೆ. 2019ರ ಸೆಪ್ಟೆಂಬರಿನಲ್ಲಿ ವಿಕ್ರಮ್ ಲ್ಯಾಂಡರ್ ಪತನವಾದಾಗ ದೇಶವೇ ಮರುಗಿತು, 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಪಟಾಕಿ ಸಿಡಿಸಿತು. ಇವೆರಡರ ನಡುವೆ ದೋಷಗಳನ್ನು ಹುಡುಕಿ ತಿದ್ದಿದ ನಾಲ್ಕು ವರ್ಷಗಳ ಶ್ರಮ ಯಾವ ಪಕ್ಷದ ಭಾಷಣಕ್ಕೂ ವಸ್ತುವಾಗಲಿಲ್ಲ.

ಹಸಿದವರಿರುವ ನಾಡಿಗೆ ಚಂದ್ರನೇಕೆ ಎಂಬ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳುವುದು ಪ್ರಜೆಯ ಹಕ್ಕು. ಆದರೆ ಆ ಲೆಕ್ಕವು ನೌಕೆ ಉಳಿಯಿತೇ, ಒಡೆಯಿತೇ ಎಂಬಲ್ಲಿಗೆ ನಿಲ್ಲಬಾರದು. ಏನನ್ನು ಕಲಿತೆವು, ಕಲಿತದ್ದು ಎಲ್ಲಿ ಬಳಕೆಯಾಯಿತು ಎಂದೂ ಕೇಳಬೇಕು. ಆಳುವವರು ಕ್ಯಾಮರಾಗಳ ಮುಂದಿನ ವಿಜಯಕ್ಕೆ ಮಾತ್ರವಲ್ಲ, ಯಾರೂ ನೋಡದ ಪರೀಕ್ಷೆಗೂ ಹಣವನ್ನು, ಅದಕ್ಕಿಂತ ಮಿಗಿಲಾಗಿ ಸಮಯವನ್ನು ಒದಗಿಸಲಿ. ಏಳು ಗ್ರಾಂ ಬಲ ಚಂದ್ರನನ್ನು ಮುಟ್ಟಿದ್ದು ಹದಿಮೂರು ತಿಂಗಳು ಕಾಯುವವರಿದ್ದುದರಿಂದಲೇ.