ನಡೆದರೆ ಸಾಕೆಂಬ ಭ್ರಮೆ

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನ ಬಂತೆಂದರೆ ರೋಗಿಯನ್ನು ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಬೇಕೆಂಬ ಎಚ್ಚರಿಕೆ ಕೇಳಿಬರುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಆ ಅವಧಿಯೊಳಗೇ ಕೊಡಬೇಕಾದ್ದರಿಂದ ಅದು ಸರಿಯಾದ ಎಚ್ಚರಿಕೆಯೇ. ಆದರೆ ಬದುಕಿ ಮನೆಗೆ ಮರಳಿದವರು ಮುಂದೆ ಬೀದಿಯಲ್ಲಿ ಹೇಗೆ ನಡೆಯಬೇಕೆಂಬ ಪ್ರಶ್ನೆಗೆ ಆ ದಿನದ ಭಾಷಣಗಳಲ್ಲಿ ಜಾಗ ಸಿಗುವುದಿಲ್ಲವೆಂಬುದು ಸಹಿಸತಕ್ಕ ಸಂಗತಿಯಲ್ಲ.

ಆರೋಗ್ಯವಂತರ ನಡಿಗೆ ಬಹುಪಾಲು ತಾನಾಗಿಯೇ ಸಾಗುತ್ತದೆ; ಬೆನ್ನುಹುರಿ, ಮಿದುಳುಕಾಂಡ ಮತ್ತು ಕಿರುಮಿದುಳು ಅದರ ಲಯವನ್ನು ಕಾಯುವುದರಿಂದ, ಗಮನ, ಲೆಕ್ಕ, ಯೋಜನೆಗಳನ್ನು ನಿರ್ವಹಿಸುವ ಹಣೆಯ ಹಿಂದಿನ ಮಿದುಳಿನ ಭಾಗ ಮಾತಿಗೂ ಯೋಚನೆಗೂ ಬಿಡುವಾಗಿರುತ್ತದೆ. ಲಕ್ವಾ ಹೊಡೆದ ಮೇಲೆ ಆ ಸಲೀಸು ಕೆಟ್ಟು, ಒಂದೊಂದು ಹೆಜ್ಜೆಗೂ ಈ ಭಾಗವೇ ದುಡಿಯಬೇಕಾಗಿ ಬರುತ್ತದೆ. ಹಣೆಗೆ ಕಟ್ಟಿದ ಪಟ್ಟಿಯಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಯಿಸಿ, ಮಿದುಳಿನ ಮೇಲ್ಪದರದ ರಕ್ತದಲ್ಲಿ ಆಮ್ಲಜನಕ ಏರಿಳಿಯುವುದನ್ನು ಅಳೆಯುವ ವಿಧಾನದಿಂದ ಈ ದುಡಿಮೆಯನ್ನು ನಡೆಯುತ್ತಿರುವಾಗಲೇ ಕಾಣಬಹುದು. ಅದರ ಮೇಲೆ ಇನ್ನೊಂದು ಯೋಚನೆ ಸೇರಿದರೆ, ಅಂದರೆ ದ್ವಿಕಾರ್ಯದ ಹೊರೆ ಬಿದ್ದರೆ, ಹೆಜ್ಜೆ ನಿಧಾನವಾಗುತ್ತದೆ, ಇಲ್ಲವೇ ಯೋಚನೆ ತಪ್ಪುತ್ತದೆ, ಕೆಲವರಲ್ಲಿ ಎರಡೂ ಆಗುತ್ತವೆ. ಮಾತಾಡಿಸಿದೊಡನೆ ನಿಂತುಬಿಡುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು.

ಆಸ್ಪತ್ರೆಯ ನುಣುಪು ನೆಲದ ಮೇಲೆ, ಸದ್ದಿಲ್ಲದ ಕೋಣೆಯಲ್ಲಿ ಹತ್ತು ಮೀಟರ್ ನಡೆಸಿ ನೋಡುವ ಪರೀಕ್ಷೆಗೆ ಇದಾವುದೂ ದಕ್ಕುವುದಿಲ್ಲ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಂಡು, ಚಿಲ್ಲರೆ ಎಣಿಸುತ್ತ, ಹುಮನಾಬಾದ್ ಕಡೆಯಿಂದ ಬರುವ ಲಾರಿಯನ್ನೂ ಗಮನಿಸುತ್ತ ಹೆದ್ದಾರಿ ದಾಟುವವರ ಮಿದುಳಿಗೆ ಬೀಳುವ ಹೊರೆ ಬೇರೆಯೇ. ಕಲಬುರಗಿಯ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಂತೂ ಬೈಕುಗಳಿಗೆ ಬಿಟ್ಟುಕೊಟ್ಟ ಫುಟ್‌ಪಾತಿನಿಂದ ರಸ್ತೆಗಿಳಿದು, ಆಟೋಗಳ ಹಾರ್ನ್ ಕೇಳುತ್ತ, ಕಾಲನ್ನೂ ಎತ್ತಿಡಬೇಕು. ಫುಟ್‌ಪಾತಿನ ಮಾತನ್ನು ಈ ಅಂಕಣ ಎಷ್ಟು ಸಲ ಎತ್ತಿದರೂ ಅದು ಹಳತಾಗುವುದಿಲ್ಲ, ಏಕೆಂದರೆ ಗುಣಮುಖರಾಗುತ್ತಿರುವವರಿಗೆ ಸಮತಟ್ಟಾದ ಫುಟ್‌ಪಾತು ಚಿಕಿತ್ಸೆಯದೇ ಒಂದು ಭಾಗ. ಮನೆಯವರೋ ಎಡವಿದವರನ್ನೇ ಗದರಿಸುತ್ತಾರೆ. ಲಕ್ಷ್ಯವಿಲ್ಲವೆಂದು ದೂರುತ್ತಾರೆ, ಆದರೆ ಅಲ್ಲಿ ಇದ್ದ ಲಕ್ಷ್ಯವೆಲ್ಲ ಕಾಲಿಗೇ ಖರ್ಚಾಗಿರುತ್ತದೆ.

ಜೊತೆಗೊಬ್ಬರನ್ನಿಟ್ಟು, ನಡೆಸುತ್ತಲೇ ನೂರರಿಂದ ಮೂರು ಮೂರು ಕಳೆಯಿಸುವ, ಸಂತೆಯ ಸಾಮಾನು ಹೇಳಿಸುವ ಅಭ್ಯಾಸಕ್ಕೆ ಯಂತ್ರ ಬೇಕಿಲ್ಲ. ತಾಲ್ಲೂಕು ಮಟ್ಟದಲ್ಲಿ ತರಬೇತಾದ ಒಬ್ಬ ಫಿಸಿಯೊಥೆರಪಿಸ್ಟ್ ಇದ್ದರೆ ಸಾಕು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದ ರಾಜ್ಯಕ್ಕೆ ಇದು ದೊಡ್ಡ ಖರ್ಚೇನೂ ಅಲ್ಲ. ಹತ್ತು ಮೀಟರ್ ನಡೆದವರನ್ನು ಗುಣವಾದರೆಂದು ಮನೆಗೆ ಕಳಿಸುವವರೂ ಫುಟ್‌ಪಾತನ್ನು ಪಾರ್ಕಿಂಗಿಗೆ ಬಿಟ್ಟವರೂ ಸಂಜೆ ಆರರ ಹೊತ್ತಿಗೆ ಅದೇ ರೋಗಿಯ ಕೈ ಹಿಡಿದು ಸೂಪರ್ ಮಾರ್ಕೆಟ್ ದಾಟಿಸಲಿ. ಭಾಷಣ ಆಮೇಲೆ ಮಾಡಲಿ.