ಮತ್ತೊಮ್ಮೆ ಪ್ರವೇಶ ಪರೀಕ್ಷೆ: ಹಟವೆ, ವಿವೇಕವೆ?

ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಅನೇಕ ಕನ್ನಡ ಮನೆಗಳಲ್ಲಿ ಒಂದೇ ಪ್ರಶ್ನೆ ತಲೆದೋರುತ್ತದೆ. ಬಯಸಿದ ಸ್ಥಾನ ದೊರೆಯದಿದ್ದಾಗ ಒಂದು ವರ್ಷವನ್ನು ಮುಡಿಪಾಗಿಟ್ಟು ಮತ್ತೆ ಪರೀಕ್ಷೆಗೆ ಕುಳ್ಳಿರಬೇಕೆ, ಅಥವಾ ದೊರೆತ ಶಿಕ್ಷಣವನ್ನೇ ಒಪ್ಪಿಕೊಂಡು ಮುಂದೆ ಸಾಗಬೇಕೆ? ಎಲ್ಲರಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ಕ್ರಮವೊಂದುಂಟು. ಅದನ್ನು ಬಿಟ್ಟು ನೆರೆಹೊರೆಯವರ ಮಾತು, ಬಂಧುಗಳ ಹೋಲಿಕೆ, ತರಬೇತಿ ವರ್ಗಗಳ ಜಾಹೀರಾತುಗಳಿಗೆ ಕಿವಿಗೊಟ್ಟು ನಿರ್ಧರಿಸುವುದು ಮಕ್ಕಳಿಗೆ ಬಗೆಯುವ ಅನ್ಯಾಯವೇ ಸರಿ.

ಮೊದಲು ಪಾಲಕರು ಅಂಕಿಅಂಶಗಳನ್ನು ಶಾಂತಚಿತ್ತದಿಂದ ಪರಿಶೀಲಿಸಬೇಕು. 2025ರಲ್ಲಿ ನೀಟ್ ಪರೀಕ್ಷೆ ಬರೆದವರು 22 ಲಕ್ಷಕ್ಕೂ ಅಧಿಕ. ಅವರಲ್ಲಿ ಅರ್ಹತೆ ಪಡೆದವರು 12 ಲಕ್ಷಕ್ಕೂ ಅಧಿಕ. ಇಡೀ ದೇಶದ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದೂಕಾಲು ಲಕ್ಷದ ಆಸುಪಾಸಿನಲ್ಲಿವೆ. ಕಳವೆಯಲ್ಲಿ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು ಇದೆ, 2024ರಲ್ಲಿ ಅಂಬರನಾಥದಲ್ಲಿಯೂ ಸರ್ಕಾರಿ ಕಾಲೇಜು ಆರಂಭವಾಯಿತು ಎಂಬುದು ಈ ಭಾಗದವರಿಗೆ ಸಂತೋಷದ ಸಂಗತಿ. ಆದರೂ ಅರ್ಹರಾದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಸ್ಥಾನವಿಲ್ಲದಿರುವಲ್ಲಿ, ಸ್ಥಾನ ಸಿಗಲಿಲ್ಲವೆಂಬ ಒಂದೇ ಕಾರಣದಿಂದ ಮಗುವನ್ನು ಅಸಮರ್ಥನೆಂದು ಬಗೆಯುವುದು ಸಲ್ಲದು.

ಮರುಪರೀಕ್ಷೆಯ ನಿರ್ಧಾರ ಎಷ್ಟು ತೂಕದ್ದೆಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲಿಯೇ ನಿದರ್ಶನಗಳಿವೆ. 2016ರಲ್ಲಿ ನೀಟ್ ಪರೀಕ್ಷೆ ಎರಡು ಹಂತಗಳಲ್ಲಿ ನಡೆದಾಗ, ಮೊದಲ ಹಂತದಲ್ಲಿ ಬರೆದವರೂ ಎರಡನೆಯ ಹಂತದಲ್ಲಿ ಬರೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ ಅನುಮತಿ ನೀಡಿತು. ಆದರೆ ಹಾಗೆ ಬರೆಯುವವರು ಮೊದಲ ಪರೀಕ್ಷೆಯ ಹಕ್ಕನ್ನು ತ್ಯಜಿಸಬೇಕಾಗಿತ್ತು. 2024ರಲ್ಲಿ ಕೃಪಾಂಕ ಪಡೆದಿದ್ದ 1563 ವಿದ್ಯಾರ್ಥಿಗಳಿಗೆ, ಕೃಪಾಂಕವಿಲ್ಲದ ಮೂಲ ಅಂಕವನ್ನು ಉಳಿಸಿಕೊಳ್ಳುವ ಅಥವಾ ಜೂನ್ 23ರಂದು ಮತ್ತೆ ಬರೆಯುವ ಆಯ್ಕೆಯಿತ್ತು. 813 ಮಂದಿ ಬರೆದರು. 750 ಮಂದಿ ಬರೆಯಲಿಲ್ಲ. ಬರೆದವರೆಲ್ಲರೂ ಸಾಹಸಿಗಳಲ್ಲ, ಬರೆಯದವರೆಲ್ಲರೂ ಪುಕ್ಕಲರೂ ಅಲ್ಲ. ಕೈಯಲ್ಲಿರುವುದನ್ನೂ ಕೈಗೆ ಬರಬಹುದಾದುದನ್ನೂ ತೂಗಿ ನೋಡುವ ಕಾರ್ಯ ಪ್ರತಿಯೊಬ್ಬ ಅಭ್ಯರ್ಥಿಗೂ ಬೇರೆಯೇ ಆಗಿರುತ್ತದೆ.

ಉತ್ತಮ ವೈದ್ಯನು ರೋಗನಿದಾನವಿಲ್ಲದೆ ಔಷಧ ಕೊಡುವುದಿಲ್ಲ. ಇಲ್ಲಿಯೂ ಅಂಕ ಕಡಿಮೆಯಾದುದರ ಕಾರಣವನ್ನು ಮೊದಲು ಹುಡುಕಬೇಕು. ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ ದೊರೆಯುತ್ತದೆ, ತಪ್ಪುತ್ತರಕ್ಕೆ 1 ಅಂಕ ಕಳೆಯುತ್ತದೆ. ಒಬ್ಬ ವಿದ್ಯಾರ್ಥಿ 180ಕ್ಕೂ ಉತ್ತರಿಸಿ 110 ಸರಿ, 70 ತಪ್ಪು ಮಾಡಿದನೆಂದುಕೊಂಡರೆ ಅವನಿಗೆ 370 ಅಂಕಗಳು. ಊಹೆಯಿಂದ ಬರೆದ 40 ತಪ್ಪುಗಳನ್ನು ಬಿಟ್ಟಿದ್ದರೂ ಅವು 410 ಆಗುತ್ತಿದ್ದವು. ಇದು ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ದೋಷ. ಪರೀಕ್ಷೆಯ ಹೊತ್ತಿಗೆ ಬಂದ ಜ್ವರ, ಮನೆಯಲ್ಲಿ ಸಂಭವಿಸಿದ ಆಪತ್ತು, ಪೂರ್ತಿಯಾಗದ ಪಾಠ್ಯಕ್ರಮ ಮೊದಲಾದವುಗಳೂ ಪರಿಹಾರಸಾಧ್ಯ ಕಾರಣಗಳೇ. ಆದರೆ ಎರಡು ವರ್ಷ ಶ್ರದ್ಧೆಯಿಂದ ಓದಿಯೂ ಭೌತಶಾಸ್ತ್ರ ತಲೆಗೆ ಹತ್ತದಿದ್ದರೆ, ಅಥವಾ ಮಗುವಿಗೆ ವೈದ್ಯವೃತ್ತಿಯಲ್ಲಿಯೇ ಒಲವಿಲ್ಲದಿದ್ದರೆ, ಇನ್ನೊಂದು ವರ್ಷ ಅದೇ ಪುಸ್ತಕಗಳ ಮುಂದೆ ಕೂಡಿಸುವುದರಿಂದ ಫಲವಿಲ್ಲ.

ನಿಯಮಗಳ ಅರಿವೂ ಅಗತ್ಯ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಎಷ್ಟು ಬಾರಿ ಬರೆಯಬಹುದೆಂಬ ಮಿತಿಯೂ ಇಲ್ಲ. ಐ.ಐ.ಟಿ. ಪ್ರವೇಶದ ಜೆ.ಇ.ಇ. ಅಡ್ವಾನ್ಸ್ಡ್‌ಗಾದರೋ ಎರಡು ಅನುಕ್ರಮ ವರ್ಷಗಳಲ್ಲಿ ಎರಡೇ ಅವಕಾಶ. ಸರ್ಕಾರ ಮಿತಿ ಹಾಕದಿರುವಲ್ಲಿ ಮನೆಯೇ ಮಿತಿ ಹಾಕಿಕೊಳ್ಳುವುದು ಲೇಸು. ಇಲ್ಲವಾದರೆ ಒಂದು ವರ್ಷವೆಂದು ತೊಡಗಿದ್ದು ಮೂರು ವರ್ಷಗಳಾಗಿ, ಹುಡುಗನ ಉತ್ಸಾಹವೂ ತಂದೆಯ ಉಳಿತಾಯವೂ ಕರಗಿಹೋಗುತ್ತವೆ. ಬೇರೆ ದಾರಿಗಳನ್ನೂ ಮರೆಯಬಾರದು. ಕರ್ನಾಟಕದ ಸಿ.ಇ.ಟಿ.ಯಲ್ಲಿ ನಿಗದಿತ ಷರತ್ತುಗಳನ್ನು ಪೂರೈಸುವ ಹೊರನಾಡ ಕನ್ನಡಿಗರಿಗೆಂದೇ ಕನ್ನಡ ಭಾಷಾ ಪರೀಕ್ಷೆ ನಡೆಸಲಾಗುತ್ತದೆ. ಮಕ್ಕಳಿಗೆ ತಾಯ್ನುಡಿಯ ಓದುಬರಹ ಕಲಿಸಿದ ಮನೆಗಳಿಗೆ ಇದೂ ಒಂದು ತೆರೆದ ಬಾಗಿಲು.

ಇವೆಲ್ಲಕ್ಕಿಂತ ಮುಖ್ಯವಾದುದು ಆರೋಗ್ಯ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂಬುದು ತಜ್ಞರ ಅಭಿಮತ. ಡೊಂಬಿವಲಿಯಿಂದ ಥಾಣೆಯ ತರಬೇತಿ ವರ್ಗಕ್ಕೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಹೋಗಿಬಂದು ನಡುರಾತ್ರಿಯವರೆಗೆ ಓದುವ ವಿದ್ಯಾರ್ಥಿಗೆ ಅದು ಎಲ್ಲಿಯ ಮಾತು? ಗೆಳೆಯರು ಕಾಲೇಜು ಸೇರಿದ ಮೇಲೆ ಒಂಟಿಯಾಗಿ ಮನೆಯಲ್ಲುಳಿದ ಮಗು ಊಟ ಬಿಟ್ಟರೆ, ಮಾತು ಕಡಿಮೆ ಮಾಡಿದರೆ, ನಿದ್ರೆಗೆಟ್ಟರೆ, ಬದುಕು ಬೇಡವೆಂಬಂತೆ ನುಡಿದರೆ ಅದನ್ನು ಸೋಮಾರಿತನವೆಂದು ಗದರಿಸದೆ ಕೂಡಲೇ ವೈದ್ಯರ ಸಲಹೆ ಪಡೆಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಮುಂಬಯಿಯ ಕನ್ನಡಿಗರಿಗೆ ಎರಡನೆಯ ಯತ್ನವೆಂಬುದು ಹೊಸದೇನಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ತಲೆಮಾರು ವಯಸ್ಸು ಮೀರಿದ ಮೇಲೂ ಪರೀಕ್ಷೆಗೆ ಕುಳಿತಿತು. ಆದರೆ ಅವರಾರೂ ಬದುಕನ್ನು ನಿಲ್ಲಿಸಿ ಪರೀಕ್ಷೆಗೆ ಕಾದವರಲ್ಲ ಎಂಬುದು ಗಮನಾರ್ಹ. ಅಂತೆಯೇ ಇಂದಿನ ವಿದ್ಯಾರ್ಥಿಯೂ ಸಾಧ್ಯವಿದ್ದಲ್ಲಿ ಪದವಿ ತರಗತಿಗೆ ಸೇರಿಕೊಂಡೇ ಮತ್ತೆ ಬರೆಯುವುದು ಕ್ಷೇಮಕರ. ಕನ್ನಡ ಸಂಘಗಳಿಗೂ ಇಲ್ಲೊಂದು ಹೊಣೆಯಿದೆ. ಪ್ರತಿ ವರ್ಷ ಹೆಚ್ಚು ಅಂಕ ಗಳಿಸಿದವರನ್ನಷ್ಟೇ ವೇದಿಕೆಗೆ ಕರೆದು ಶಾಲು ಹೊದಿಸುವ ಪದ್ಧತಿಯಿಂದ ಉಳಿದವರ ಮನೆಗಳಲ್ಲಿ ನಾಚಿಕೆಯ ಭಾವ ಬೆಳೆಯುತ್ತದೆ. ಅದೇ ಸಭಾಗೃಹದಲ್ಲಿ ಜೂನ್ ತಿಂಗಳಲ್ಲಿ ಅನುಭವಿ ವೈದ್ಯರು, ಶಿಕ್ಷಕರು ಹಾಗೂ ಮರುಪರೀಕ್ಷೆ ಬರೆದ ಹಿರಿಯ ವಿದ್ಯಾರ್ಥಿಗಳಿಂದ ಮಾರ್ಗದರ್ಶನ ಏರ್ಪಡಿಸಿದರೆ ಅದು ಸಾರ್ಥಕ ಸೇವೆಯಾದೀತು.

ಹೇಳಬಹುದಾದ ಕಾರಣವಿದ್ದು, ಆ ಕಾರಣಕ್ಕೆ ಪರಿಹಾರವಿದ್ದು, ಮಗುವೇ ಮನಸ್ಸು ಮಾಡಿದ್ದರೆ ಮತ್ತೊಂದು ಬಾರಿ ಬರೆಯುವುದು ವಿವೇಕ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೇರೆ ದಾರಿ ಹಿಡಿಯುವುದೇ ಹಿತ. ಯಾವುದೇ ಆಗಲಿ, ಕೊನೆಯ ಮಾತು ಪರೀಕ್ಷೆ ಬರೆಯಬೇಕಾದವರದಾಗಿರಲಿ.