ಮೇಷ್ಟ್ರು ಹೇಳಿಕೊಟ್ಟಿದ್ದಾ, ಶಿಷ್ಯರೇ ಮಾಡಿದ್ದಾ?

ಇಂಟರ್ನಲ್ಸ್‌ನಲ್ಲಿ ಮಾರ್ಕ್ಸ್ ಕಮ್ಮಿ ಬಂದ್ರೆ ನಾವು ಮೊದಲು ಬೈಯೋದು ಪಾಠ ಮಾಡಿದವರನ್ನ. ಅಮೆರಿಕದಲ್ಲಿ ಒಂದು ಯುದ್ಧದ ವಿಷಯಕ್ಕೂ ಹೀಗೇ ಆಯ್ತು. ಬೈಸಿಕೊಂಡವರು ತತ್ವಶಾಸ್ತ್ರದ ಮೇಷ್ಟ್ರು ಲಿಯೋ ಸ್ಟ್ರಾಸ್.

ಸ್ಟ್ರಾಸ್ 1899ರಲ್ಲಿ ಜರ್ಮನಿಯ ಯಹೂದಿ ಮನೆಯಲ್ಲಿ ಹುಟ್ಟಿದವರು. ಹಿಟ್ಲರ್ ಕಾಲದಲ್ಲಿ ಅಮೆರಿಕ ಸೇರಿದರು. 1949ರಿಂದ ಸುಮಾರು ಎರಡು ದಶಕ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ಲೇಟೋ, ಮ್ಯಾಕಿಯವೆಲ್ಲಿಯನ್ನ ಸಾಲು ಸಾಲಾಗಿ ಓದಿಸಿದರು. 1973ರಲ್ಲಿ ತೀರಿಕೊಂಡರು. ಮೂವತ್ತು ವರ್ಷದ ನಂತರ ಇರಾಕ್ ಯುದ್ಧ ಶುರುವಾದಾಗ, ಇದರ ಹಿಂದಿರೋದು ಅವರದೇ ವಿಚಾರ ಅಂತ ಆರೋಪ ಬಂತು. ಯಾಕಂದ್ರೆ ಯುದ್ಧಕ್ಕೆ ಒತ್ತಾಯಿಸಿದ ಪಾಲ್ ವುಲ್ಫೊವಿಟ್ಜ್ ಹಿಂದೆ ಅವರ ಕ್ಲಾಸಿನಲ್ಲಿ ಕೂತಿದ್ದರು. ಆದ್ರೆ ವುಲ್ಫೊವಿಟ್ಜ್ ಪಿಎಚ್‌ಡಿ ಮಾಡಿದ್ದು ಅಣ್ವಸ್ತ್ರ ತಂತ್ರದ ಪರಿಣತ ಆಲ್ಬರ್ಟ್ ವೋಲ್‌ಸ್ಟೆಟರ್ ಹತ್ರ. ಒಂದೆರಡು ಕೋರ್ಸ್‌ಗೆ ಯುದ್ಧದ ಹೊಣೆ ಹೊರಿಸೋದು ಯಾವ ನ್ಯಾಯ?

ಹಾಗಂತ ಅನುಮಾನ ಪೂರ್ತಿ ಗಾಳಿಮಾತಲ್ಲ. ಹಿಂದಿನ ತತ್ವಜ್ಞಾನಿಗಳು ಶಿಕ್ಷೆಗೆ ಹೆದರಿ ನಿಜವನ್ನ ಸಾಲುಗಳ ನಡುವೆ ಬಚ್ಚಿಟ್ಟು ಬರೀತಿದ್ದರು ಅಂತ ಸ್ಟ್ರಾಸ್ 1952ರ ಪುಸ್ತಕದಲ್ಲಿ ವಾದಿಸಿದ್ದರು. ಹಾಗಾದ್ರೆ ಇವರೂ ಏನೋ ಬಚ್ಚಿಟ್ಟಿರಬಹುದಲ್ವಾ? ಆಳುವವರು ಜನರಿಗೆ ಸುಳ್ಳು ಹೇಳಬಹುದು ಅನ್ನೋದೇ ಅವರ ಒಳಪಾಠ ಅಂತಾರೆ ಕೆನಡಾದ ಪ್ರೊಫೆಸರ್ ಶಾಡಿಯಾ ಡ್ರೂರಿ. ಇರಾಕಿನಲ್ಲಿ ಸಮೂಹನಾಶಕ ಅಸ್ತ್ರಗಳು ಸಿಗದೇ ಹೋದಾಗ ಈ ಮಾತು ತುಂಬಾ ಜನಕ್ಕೆ ಸರಿ ಅನ್ನಿಸ್ತು. ಆದ್ರೆ ಹೆದರಿದವರು ನಿಜ ಬಚ್ಚಿಡೋದು ಬೇರೆ, ಅಧಿಕಾರದಲ್ಲಿ ಇರೋರು ಸುಳ್ಳು ಹೇಳೋದು ಬೇರೆ ಅಂತ ನಮಗನ್ನಿಸುತ್ತೆ.

ಅವರ ಪರಂಪರೆಯವರನ್ನ ನೋಡಿ. ಬಿಲ್ ಕ್ರಿಸ್ಟಲ್ ಇರಾಕ್ ಯುದ್ಧದ ಪರ ಇದ್ದರು, ಟ್ರಂಪ್‌ಗೆ ವಿರೋಧ. ಸ್ಟ್ರಾಸ್ ಶಿಷ್ಯ ಹ್ಯಾರಿ ಜಾಫಾ ಅವರ ವಿದ್ಯಾರ್ಥಿಗಳು 1979ರಲ್ಲಿ ಕಟ್ಟಿದ ಕ್ಲೇರ್ಮಾಂಟ್ ಸಂಸ್ಥೆ ಟ್ರಂಪ್ ಪರ ನಿಂತಿತು. ವಿಲಿಯಂ ಗಾಲ್ಸ್ಟನ್ ಡೆಮಾಕ್ರಟ್ ಕ್ಲಿಂಟನ್‌ಗೆ ಸಲಹೆಗಾರರಾಗಿದ್ದರು. ಒಬ್ಬ ಮೇಷ್ಟ್ರ ಪಾಠದಿಂದ ಮೂರು ದಿಕ್ಕಿಗೆ ಹೋದವರು ಇವರು. ದಿಕ್ಕು ಆರಿಸಿಕೊಂಡಿದ್ದು ಅವರವರೇ ಅಲ್ವಾ?

ನಾವೂ ಮೊದಲು ಎರಡು ನಿಮಿಷದ ವಿಡಿಯೋ ನೋಡಿ ಸ್ಟ್ರಾಸ್‌ನ ವಿಲನ್ ಅಂದುಕೊಂಡಿದ್ವಿ. ನಿಧಾನವಾಗಿ ಓದಿ ಅಂತ ಜೀವನಪೂರ್ತಿ ಹೇಳಿದವರನ್ನ ಓದದೇ ಅಳೆದಿದ್ದು ನಮ್ಮದೇ ತಪ್ಪು. ನಾಳೆ ನಾವು ಕಟ್ಟಿದ ಸೇತುವೆ ಬಿರುಕು ಬಿಟ್ರೆ, ಬರೆದ ಕೋಡ್‌ನಿಂದ ಯಾರದ್ದೋ ದುಡ್ಡು ಹೋದ್ರೆ, ಮೇಷ್ಟ್ರು ಹೀಗೇ ಹೇಳಿಕೊಟ್ಟಿದ್ರು ಅಂದ್ರೆ ಯಾರೂ ಒಪ್ಪಲ್ಲ. ಒಪ್ಪಲೂಬಾರದು.